ಪ್ರಶ್ನೋತ್ತರ: ಓಟದ ಶೂ ಹಾಕಿಕೊಂಡು ಟೆನಿಸ್ ಆಡಬಹುದೇ?

ಪ್ರಶ್ನೆ (ಕಾರವಾರದಿಂದ)

ಫಿಸಿಯೋಥೆರಪಿಸ್ಟ್ ಮೇಡಂ ಅವರಿಗೆ ನಮಸ್ಕಾರಗಳು. ನನಗೆ 46 ವರ್ಷ, ಬ್ಯಾಂಕಿನಲ್ಲಿ ಕೆಲಸ. ಕಳೆದ ದೀಪಾವಳಿಯಿಂದ ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಸಿಮೆಂಟ್ ಕೋರ್ಟಿನಲ್ಲಿ ಟೆನಿಸ್ ಆಡುತ್ತಿದ್ದೇನೆ. ಟ್ಯಾಗೋರ್ ಕಡಲತೀರದಲ್ಲಿ ವಾಕಿಂಗ್ ಮಾಡಲೆಂದು ಕೊಂಡಿದ್ದ, ಹಿಮ್ಮಡಿಯ ಕೆಳಗೆ ದಪ್ಪ ಮೆತ್ತೆಯಿರುವ ಓಟದ ಶೂಗಳನ್ನೇ ಆಟಕ್ಕೂ ಬಳಸುತ್ತಿದ್ದು, ಮೂರು ತಿಂಗಳಲ್ಲಿ ಎರಡು ಸಲ ಬಲಗಾಲು ಉಳುಕಿದೆ. ಎರಡೂ ಸಲ ಬಲಬದಿಗೆ ಬಂದ ಚೆಂಡಿಗೆ ಓಡಿ, ಹೊಡೆದು, ಮತ್ತೆ ನಡುವಿಗೆ ಬರಲೆಂದು ತಿರುಗುವಾಗಲೇ ಹೀಗಾಯಿತು. ಸ್ಪೋರ್ಟ್ಸ್ ಶೂ ಎಂದರೆ ಎಲ್ಲವೂ ಒಂದೇ ಎಂದು ಅಂಗಡಿಯವರು ಹೇಳುತ್ತಾರೆ. ಶಟಲ್ ಶೂ ತೆಗೆದುಕೊಳ್ಳಿ ಎಂದು ಜೊತೆಗಾರರು ಹೇಳುತ್ತಾರೆ. ಯಾವುದು ಸರಿ?

ಉತ್ತರ

ನಮಸ್ಕಾರ. ಎರಡೂ ಸರಿಯಲ್ಲ. ನಿಮ್ಮ ಕಾಲು ಯಾವ ಕ್ಷಣದಲ್ಲಿ ಉಳುಕಿತು ಎಂಬುದನ್ನು ನೀವೇ ಬರೆದಿದ್ದೀರಿ, ಕಾರಣವೂ ಅಲ್ಲೇ ಇದೆ. ಓಟದಲ್ಲಿ ದೇಹ ಮುಂದಕ್ಕೆ ಮಾತ್ರ ಸಾಗುವುದರಿಂದ ಓಟದ ಶೂವನ್ನು ಹಗುರವಾಗಿ, ಹಿಮ್ಮಡಿಯನ್ನು ಎತ್ತರಿಸಿ, ಮೆತ್ತಗೆ ಮಾಡಿರುತ್ತಾರೆ. ಟೆನಿಸ್‌ನಲ್ಲಿ ಆಟಗಾರ ಮತ್ತೆ ಮತ್ತೆ ಅಡ್ಡಕ್ಕೆ ಓಡುತ್ತಾನೆ, ಥಟ್ಟನೆ ನಿಲ್ಲುತ್ತಾನೆ, ಬಂದ ದಾರಿಯಲ್ಲೇ ಹಿಂದಿರುಗುತ್ತಾನೆ. ಹಾಗೆ ನಿಂತಾಗ ಮೈಭಾರವೆಲ್ಲ ಶೂವಿನ ಹೊರ ಅಂಚಿನ ಮೇಲೆ ಬಿದ್ದು, ಮೆತ್ತಗಿನ ಎತ್ತರದ ಅಡಿ ಆ ಬದಿಗೆ ಕುಸಿದು, ಪಾದ ಒಳಕ್ಕೆ ಮಗುಚುತ್ತದೆ; ಪಾದದ ಗಂಟಿನ ಹೊರಬದಿಯಲ್ಲಿ ಮೂಳೆಗಳನ್ನು ಬಿಗಿದು ಹಿಡಿದಿರುವ ಅಸ್ಥಿರಜ್ಜುಗಳು ಆಗ ಹಿಗ್ಗುತ್ತವೆ, ಕೆಲವೊಮ್ಮೆ ಹರಿಯುತ್ತವೆ. ಟೆನಿಸ್ ಶೂವಿನ ಅಡಿ ನೆಲಕ್ಕೆ ಹತ್ತಿರವಾಗಿಯೂ ಅಗಲವಾಗಿಯೂ ಇರುವುದು ಇದನ್ನು ತಡೆಯಲಿಕ್ಕಾಗಿಯೇ.

ಶಟಲ್ ಶೂ ಅಡ್ಡ ಚಲನೆಗೆ ಹೇಳಿ ಮಾಡಿಸಿದ್ದು ನಿಜ. ಆದರೆ ಅದರ ಮೃದು ರಬ್ಬರಿನ ಅಡಿ ಒಳಾಂಗಣದ ಮರದ ಅಥವಾ ಸಿಂಥೆಟಿಕ್ ನೆಲಕ್ಕಾಗಿ ಇರುವಂಥದ್ದು. ಒರಟು ಸಿಮೆಂಟಿನ ಮೇಲೆ ಬಹುಬೇಗ ಸವೆದುಹೋಗುತ್ತದೆ, ತೆಳುವಾದ್ದರಿಂದ ಗಟ್ಟಿ ನೆಲದ ಪೆಟ್ಟನ್ನೂ ಹೆಚ್ಚು ತಡೆಯುವುದಿಲ್ಲ. ನಿಮ್ಮ ವಯಸ್ಸಿನ ಮೊಣಕಾಲಿಗೆ ಅದು ಬೇಡ.

ಅಂಗಡಿಯಲ್ಲಿ ಪೆಟ್ಟಿಗೆಯ ಮೇಲಿನ ಹೆಸರನ್ನು ಓದುವುದಕ್ಕಿಂತ ಶೂವನ್ನು ಕೈಯಲ್ಲಿ ಹಿಡಿದು ನೋಡುವುದು ಒಳ್ಳೆಯದು. ಹಿಮ್ಮಡಿಯನ್ನು ಸುತ್ತುವರಿದ ಭಾಗವನ್ನು ಎರಡು ಬೆರಳುಗಳಿಂದ ಒತ್ತಿದರೆ ಅದು ಸುಲಭವಾಗಿ ತಗ್ಗಬಾರದು. ತುದಿಯನ್ನೂ ಹಿಮ್ಮಡಿಯನ್ನೂ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿದರೆ ನಡುಭಾಗ ಎದುರೊತ್ತಬೇಕು. ಬಗ್ಗಿಸಿದಾಗ ಬೆರಳುಗಳ ಬುಡದಲ್ಲಿ ಮಾತ್ರ ಬಗ್ಗಬೇಕು. ನಡುವಿನಲ್ಲೇ ಮಡಚಿಕೊಳ್ಳುವ ಶೂ ಎಷ್ಟೇ ದುಬಾರಿಯಾಗಿದ್ದರೂ ವಾಪಸು ಇಡಿ. ಸರ್ವ್ ಮಾಡುವಾಗ ಹಿಂದಿನ ಪಾದದ ತುದಿ ನೆಲಕ್ಕೆ ಉಜ್ಜುವುದರಿಂದ, ಹೆಬ್ಬೆರಳಿನ ಬಳಿ ರಬ್ಬರು ಮೇಲಕ್ಕೆ ಮಡಚಿಬಂದಿದೆಯೇ ಎಂಬುದನ್ನೂ ನೋಡಿ. ಹೆಸರು ನಂಬಬೇಡಿ ಎಂದದ್ದಕ್ಕೆ ಒಂದು ನಿದರ್ಶನ: ಅಡಿಡಾಸ್‌ನ ‘ಸ್ಟ್ಯಾನ್ ಸ್ಮಿತ್’ ಶೂ, 1972ರ ವಿಂಬಲ್ಡನ್ ಗೆದ್ದ ಆಟಗಾರನ ಹೆಸರನ್ನು ಹೊತ್ತಿದ್ದರೂ, ಇಂದು ಪೇಟೆಯಲ್ಲಿ ತಿರುಗಾಡಲಿಕ್ಕೆ ಮಾತ್ರ ಯೋಗ್ಯ.

ಅಳತೆಯ ವಿಷಯದಲ್ಲಿ ಅವಸರ ಬೇಡ. ದಿನವಿಡೀ ನಿಂತು ಓಡಾಡಿದ ಪಾದ ಸಂಜೆಗೆ ಸ್ವಲ್ಪ ಊದಿಕೊಂಡಿರುತ್ತದೆ, ಆಡುವಾಗಲೂ ಹಾಗೆಯೇ. ಆದ್ದರಿಂದ ಹುಬ್ಬಳ್ಳಿಗೋ ಮಡಗಾಂವಿಗೋ ಹೋಗಿ ಕೊಳ್ಳುವುದಿದ್ದರೆ ಅಂಗಡಿಗೆ ಸಂಜೆ ಹೋಗಿ, ಆಟಕ್ಕೆ ಹಾಕುವ ದಪ್ಪ ಕಾಲುಚೀಲವನ್ನೇ ಹಾಕಿಕೊಂಡು, ಎರಡೂ ಕಾಲಿಗೆ ತೊಟ್ಟು ನೋಡಿ. ಬಹುಮಂದಿಗೆ ಒಂದು ಪಾದ ಇನ್ನೊಂದಕ್ಕಿಂತ ತುಸು ಉದ್ದವಿರುತ್ತದೆ. ಉದ್ದದ ಪಾದಕ್ಕೆ ಹೊಂದುವುದನ್ನು ತೆಗೆದುಕೊಳ್ಳಬೇಕು. ಬೆರಳುಗಳ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯದಿದ್ದರೆ, ಪ್ರತಿ ಸಲ ನಿಂತಾಗಲೂ ಬೆರಳು ಶೂವಿನ ಗೋಡೆಗೆ ಬಡಿದು ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟುತ್ತದೆ. ಉಗುರು ಕಪ್ಪಾಗಿ ನನ್ನ ಬಳಿ ಬರುವ ಆಟಗಾರರಲ್ಲಿ ಅರ್ಧ ಅಂಕೆ ಚಿಕ್ಕ ಶೂ ತೊಟ್ಟವರೇ ಹೆಚ್ಚು. ಇತ್ತ ಹಿಮ್ಮಡಿ ಮೇಲಕ್ಕೆ ಜಾರಲೂಬಾರದು. ಅಂಗಡಿಯವರು ಬೇಸರಿಸಿಕೊಂಡರೂ ಚಿಂತೆಯಿಲ್ಲ, ಅಲ್ಲೇ ನಾಲ್ಕು ಹೆಜ್ಜೆ ಅಡ್ಡಕ್ಕೆ ಜಿಗಿದು ನೋಡಿ.

ಪ್ರಶ್ನೆ (ಶಿರಸಿಯಿಂದ)

ನನ್ನ ಮಗಳಿಗೆ ಹನ್ನೊಂದು ವರ್ಷ. ಅವಳು ಕಲಿಯುತ್ತಿರುವುದು ಮಣ್ಣಿನ ಕೋರ್ಟಿನಲ್ಲಿ. ಅವಳಿಗೂ ಇದೇ ಶೂ ಸಾಕೇ? ಬೆಳೆಯುವ ಕಾಲು ಎಂದು ಅವಳ ಅಜ್ಜ ಎರಡು ಅಂಕೆ ದೊಡ್ಡದು ತರಲು ಹೇಳುತ್ತಿದ್ದಾರೆ.

ಉತ್ತರ

ಅಕ್ಕಾ, ನೆಲ ಬದಲಾದರೆ ಶೂವಿನ ಅಡಿಯೂ ಬದಲಾಗಬೇಕು. ಮೆಲ್ಬರ್ನ್, ನ್ಯೂಯಾರ್ಕ್‌ನಂಥ ಗಟ್ಟಿ ಕೋರ್ಟುಗಳ ಶೂವಿನಲ್ಲಿ ಬಾಳಿಕೆಯ ದಪ್ಪ ರಬ್ಬರು ಮುಖ್ಯ. ವಿಂಬಲ್ಡನ್ನಿನ ಹುಲ್ಲಿಗೆ ಸಣ್ಣ ಸಣ್ಣ ಗುಳ್ಳೆಗಳಿರುವ ಅಡಿ ಬೇಕು. ನಮ್ಮಲ್ಲಿ ಅದರ ಗೊಡವೆಯಿಲ್ಲ. ಮಣ್ಣಿಗೆ ಬೇಕಾದದ್ದು ತುದಿಯಿಂದ ಹಿಮ್ಮಡಿಯವರೆಗೂ ಒಂದೇ ಸಮನೆ ಓರೆ ಗೆರೆಗಳಿರುವ ಅಡಿ. ಬಂಗಡೆಯ ಮುಳ್ಳನ್ನು ಬಿಡಿಸಿಟ್ಟರೆ ಹೇಗೆ ಕಾಣುತ್ತದೆಯೋ ಹಾಗಿರುತ್ತದೆ. ಮೀನು ತಿನ್ನದ ಮನೆಯವರು ಕ್ಷಮಿಸಬೇಕು. ಅದು ಜಾರುವಷ್ಟು ಜಾರಲು ಬಿಟ್ಟು, ಬೇಕಾದಲ್ಲಿ ಹಿಡಿಯುತ್ತದೆ, ಹಿಡಿದ ಮಣ್ಣನ್ನು ಉದುರಿಸಿಬಿಡುತ್ತದೆ. ಫ್ರೆಂಚ್ ಓಪನ್ ನಡೆಯುವ ಪ್ಯಾರಿಸ್‌ನ ಮಣ್ಣಿನ ಕೋರ್ಟಿನ ಮೇಲ್ಪದರ ಇಟ್ಟಿಗೆಯ ಪುಡಿ. ನಮ್ಮ ಕೆಂಪು ಮಣ್ಣು ಅದಕ್ಕಿಂತ ಜಿಗುಟು, ಒದ್ದೆಯಾದರೆ ಗೆರೆಗಳ ನಡುವೆ ಮೆತ್ತಿಕೊಂಡು ಅಡಿಯನ್ನು ಸಪಾಟು ಮಾಡುತ್ತದೆ. ಆಟದ ನಡುವೆ ರ‍್ಯಾಕೆಟಿನಿಂದ ಅಡಿಯನ್ನು ತಟ್ಟಿ ಮಣ್ಣು ಕೊಡವುವುದನ್ನು ಅವಳಿಗೆ ಈಗಲೇ ರೂಢಿ ಮಾಡಿಸಿ.

ಅಜ್ಜನವರ ಲೆಕ್ಕಾಚಾರ ಶಾಲೆಯ ಕ್ಯಾನ್ವಾಸ್ ಶೂವಿಗಾದರೆ ನಡೆದೀತು, ಇಲ್ಲಿ ನಡೆಯುವುದಿಲ್ಲ. ದೊಡ್ಡ ಶೂವಿನೊಳಗೆ ಪಾದ ಜಾರುತ್ತದೆ. ಶೂ ನಿಂತ ಮೇಲೂ ಪಾದ ನಿಂತಿರುವುದಿಲ್ಲ. ಒಳಗಿನ ಅಟ್ಟೆಯನ್ನು ಹೊರತೆಗೆದು, ಅದರ ಮೇಲೆ ಮಗಳನ್ನು ನಿಲ್ಲಿಸಿ, ಮುಂದೆ ಒಂದು ಹೆಬ್ಬೆರಳಿನ ಅಗಲ ಉಳಿದಿದೆಯೇ ಎಂದು ಎರಡು ಮೂರು ತಿಂಗಳಿಗೊಮ್ಮೆ ನೋಡುತ್ತಿರಿ. ಈ ವಯಸ್ಸಿಗೆ ದುಬಾರಿಯ ಒಂದು ಜೊತೆಗಿಂತ, ಬೆಲೆ ಕಡಿಮೆಯಿದ್ದರೂ ಅಳತೆಗೆ ಸರಿಯಾದ ಟೆನಿಸ್ ಶೂವನ್ನು ಬೇಗ ಬೇಗ ಬದಲಿಸುವುದೇ ಮೇಲು.

ಪ್ರಶ್ನೆ (ಅಂಕೋಲಾದಿಂದ)

ನನ್ನದು ಬೇರೆ ಸಮಸ್ಯೆ. ಒಳ್ಳೆಯ ಕಂಪನಿಯ ಟೆನಿಸ್ ಶೂ. ಎರಡು ವರ್ಷ ಕಪಾಟಿನಲ್ಲೇ ಇತ್ತು. ಈ ಸಲ ಹಾಕಿ ಆಡಿದ ಮೊದಲ ದಿನವೇ ಅಡಿ ರೊಟ್ಟಿಯಂತೆ ಮುರಿದು ಉದುರಿತು. ಬಳಸದ ಶೂ ಹಾಳಾಗುವುದುಂಟೇ?

ಉತ್ತರ

ಉಂಟು, ನಮ್ಮ ಕರಾವಳಿಯಲ್ಲಂತೂ ಧಾರಾಳವಾಗಿ. ಕೆಲವು ಶೂಗಳ ನಡುಪದರ ಪಾಲಿಯುರೆಥೇನ್ ಎಂಬ ವಸ್ತುವಿನದು. ಗಾಳಿಯ ತೇವಾಂಶ ಅದರೊಳಗೆ ಇಳಿದು ಕಾಲಕ್ರಮೇಣ ಅದರ ಬಂಧಗಳನ್ನು ಮುರಿಯುತ್ತದೆ. ಹೊರಗೆ ಹೊಸದಾಗಿ ಕಂಡರೂ ಒಳಗೆ ಪುಡಿಯಾಗಿರುತ್ತದೆ. ಮಳೆಗಾಲವಿಡೀ ಬೂಸ್ಟು ಹಿಡಿಯುವ ಊರಿನಲ್ಲಿ ಮುಚ್ಚಿದ ಕಪಾಟಿನಲ್ಲಿಟ್ಟರೆ ಕೇಳುವುದೇ ಬೇಡ. ಇವಿಎ ಎಂಬ ಫೋಮಿನ ನಡುಪದರಕ್ಕೆ ತೇವಾಂಶದ ಈ ಕಾಟ ಅಷ್ಟಿಲ್ಲ, ಆದರೆ ಆಡುತ್ತಾ ಆಡುತ್ತಾ ಅದು ಚಪ್ಪಟೆಯಾಗುತ್ತದೆ. ಹಾಗಾಗಿ ರಿಯಾಯಿತಿಯಲ್ಲಿ ಹಳೆಯ ದಾಸ್ತಾನಿನ ಶೂ ಸಿಕ್ಕರೆ, ಒಳಗಿನ ಚೀಟಿಯಲ್ಲಿ ತಯಾರಾದ ತಿಂಗಳು ಇದೆಯೇ ಎಂದು ಹುಡುಕಿ, ಅಡಿಯನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ ನೋಡಿಯೇ ಕೊಳ್ಳಿ.

ಒದ್ದೆ ಶೂವನ್ನು ಬಚ್ಚಲೊಲೆಯ ಬಳಿ ಒಣಗಿಸುವ ಪದ್ಧತಿ ಘಟ್ಟದ ಮೇಲೂ ಕೆಳಗೂ ಇದೆ. ಬೆಂಕಿಯ ಕಾವಿಗೆ ಅಂಟು ಬಿಡುತ್ತದೆ, ಫೋಮು ಕುಗ್ಗುತ್ತದೆ. ಲೇಸು ಸಡಿಲಿಸಿ, ಅಟ್ಟೆ ತೆಗೆದು, ಒಳಗೆ ಹಳೆಯ ಪತ್ರಿಕೆ ತುರುಕಿ ಫ್ಯಾನಿನ ಕೆಳಗಿಡಿ. ಪತ್ರಿಕೆ ಒದ್ದೆಯಾದರೆ ಬದಲಿಸಿ.

ಮರುಪ್ರಶ್ನೆ (ಕಾರವಾರದಿಂದ)

ಧನ್ಯವಾದಗಳು ಮೇಡಂ. ಹೊಸ ಶೂ ಕೊಂಡ ಮರುದಿನದಿಂದಲೇ ಆಡಬಹುದೇ? ನಮ್ಮ ಕೋರ್ಟಿನ ಒಂದು ಮೂಲೆಯಲ್ಲಿ ಹಾವಸೆಯೂ ಇದೆ.

ಉತ್ತರ

ಹಾವಸೆಯ ಮೇಲೆ ಯಾವ ಶೂವೂ ನಿಲ್ಲುವುದಿಲ್ಲ. ಅದನ್ನು ಗಡುಸು ಪೊರಕೆಯಿಂದ ಉಜ್ಜಿ ತೆಗೆಸಿ. ಅಲ್ಲಿಯವರೆಗೆ ಆ ಮೂಲೆಗೆ ಬಂದ ಚೆಂಡನ್ನು ಎದುರಾಳಿಗೆ ಬಿಟ್ಟುಕೊಡಿ.

ಹೊಸ ಶೂವನ್ನು ಮೊದಲ ಎರಡು ಮೂರು ದಿನ ಅರ್ಧ ಗಂಟೆ ಮಾತ್ರ ಹಾಕಿ. ಆದರೆ ಎರಡು ಸಲ ಉಳುಕಿದ ಗಂಟು ತನ್ನ ಸಮತೋಲನದ ಅರಿವನ್ನು ಕಳೆದುಕೊಂಡಿರುತ್ತದೆ, ಶೂ ಅದನ್ನು ಮರಳಿ ಕೊಡುವುದಿಲ್ಲ. ದಿನಾ ಹಲ್ಲುಜ್ಜುವಾಗ ಬಲಗಾಲೊಂದರ ಮೇಲೆ ನಿಲ್ಲಿ. ಮೂವತ್ತು ಸೆಕೆಂಡು ಅಲುಗದೆ ನಿಲ್ಲುವಂತಾದ ಮೇಲೆ, ಗೋಡೆ ಕೈಗೆಟಕುವಂತೆ ಇಟ್ಟುಕೊಂಡು, ಕಣ್ಣು ಮುಚ್ಚಿ ನಿಲ್ಲಿ. ಅದೂ ಸಾಧ್ಯವಾದಾಗ ಕೋರ್ಟಿಗೆ ಬನ್ನಿ. ಮುಂದೆ ಎಂದಾದರೂ ಉಳುಕಿದಾಗ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಗಂಟಿನ ಮೂಳೆಯ ಮೇಲೆಯೇ ಒತ್ತಿದರೆ ನೋಯುತ್ತಿದ್ದರೆ, ಎಣ್ಣೆ ತಿಕ್ಕಿಸುತ್ತ ಕೂರದೆ ಅಂದೇ ಎಕ್ಸ್‌ರೇ ಮಾಡಿಸಿ.