20 ನಿಮಿಷ ಆದ ಮೇಲೇ ಕೊಬ್ಬು ಕರಗೋದಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಬಾಗಲಕೋಟೆ ನವನಗರದವಳು, 46 ವರ್ಷ, 68 ಕೆಜಿ. ಎರಡು ತಿಂಗಳಿಂದ ದಿನಾ ಬೆಳಿಗ್ಗೆ 40 ನಿಮಿಷ ಸೆಕ್ಟರ್ ರಸ್ತೆಯಲ್ಲಿ ಬಿರುಸಾಗಿ ನಡೆಯುತ್ತೇನೆ. ಇಳಿದಿದ್ದು ಒಂದೇ ಕೆಜಿ. ಮೊದಲ 20 ನಿಮಿಷ ಬರೀ ಸಕ್ಕರೆ ಉರಿಯುತ್ತದೆ, ಕೊಬ್ಬು ಆಮೇಲೆ ಅಂತ ಮಗ ಹೇಳುತ್ತಾನೆ. ಹೌದಾ? ಓಡಲು ಶುರು ಮಾಡಲಾ?

ಉತ್ತರ (ಫಿಜಿಯೋಥೆರಪಿಸ್ಟ್): ಅಕ್ಕಾರ, ನೀವು ಬಾಗಿಲಲ್ಲಿ ಬೂಟು ಹುಡುಕುವಾಗಲೂ ಕೊಬ್ಬು ಉರಿಯುತ್ತಲೇ ಇರುತ್ತದೆ. ನಿದ್ದೆಯಲ್ಲೂ ಅಷ್ಟೇ. 20 ನಿಮಿಷಕ್ಕೆ ಯಾವ ಸ್ವಿಚ್ಚೂ ಬೀಳುವುದಿಲ್ಲ. ಹೊತ್ತು ಹೋದಂತೆ ಕೊಬ್ಬಿನ ಪಾಲು ಸ್ವಲ್ಪ ಸ್ವಲ್ಪ ಏರುತ್ತದೆ.

ಹಳ್ಳಿ ಮನೆ ಒಲೆ ನೆನಪಿದೆಯಲ್ಲ? ತೊಗರಿ ಕಟ್ಟಿಗೆ ಭಗ್ಗನೆ ಹತ್ತುತ್ತದೆ, ಬೇಗ ಮುಗಿಯುತ್ತದೆ. ಜಾಲಿ ಕೊರಡಿಗೆ ಗಾಳಿ ಚೆನ್ನಾಗಿ ಆಡಬೇಕು, ಹತ್ತಿದರೆ ಬಹಳ ಹೊತ್ತು ಬಾಳುತ್ತದೆ. ಸಕ್ಕರೆ ತೊಗರಿ ಕಟ್ಟಿಗೆ, ಕೊಬ್ಬು ಜಾಲಿ. ಆಮ್ಲಜನಕ ಇಲ್ಲದೆ ಕೊಬ್ಬು ಉರಿಯುವುದೇ ಇಲ್ಲ. ಅದಕ್ಕೇ ಏದುಸಿರು ಬಿಡುತ್ತಾ ಓಡುವಾಗ ದೇಹ ಸಕ್ಕರೆಗೆ ಜಾಸ್ತಿ ಕೈ ಹಾಕುತ್ತದೆ. ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಆ ವೇಗದಲ್ಲಿ ಕೊಬ್ಬಿನ ಪಾಲು ಚೆನ್ನಾಗಿರುತ್ತದೆ.

ಇನ್ನು ಲೆಕ್ಕ. ನಿಮ್ಮ ತೂಕಕ್ಕೆ 40 ನಿಮಿಷದ ಬಿರುಸು ನಡಿಗೆ ಅಂದರೆ ಸುಮಾರು 170 ಕ್ಯಾಲರಿ. ಅರ್ಧ ಕೊಬ್ಬಿನಿಂದ ಬಂತು ಅಂತಿಟ್ಟುಕೊಳ್ಳಿ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲರಿ, ಹಾಗಾಗಿ ಕರಗಿದ್ದು 9-10 ಗ್ರಾಂ. ಎರಡು ಟೀ ಚಮಚ ಎಣ್ಣೆ! ಮನೆಗೆ ಬಂದು ಸಕ್ಕರೆ ಚಹಾ, ಮೇಲೊಂದು ತುಂಡು ಅಮೀನಗಡ ಕರದಂಟು ಆದರೆ 170 ಕ್ಯಾಲರಿ ಹೆಚ್ಚುಕಡಿಮೆ ವಾಪಸ್ ಬಂತು. (ನಾನೂ ತಿನ್ನುತ್ತೇನೆ, ಸುಳ್ಳೇಕೆ.) ನಡೆಯುವಾಗ ಯಾವುದು ಉರಿಯಿತು ಅನ್ನುವುದಕ್ಕಿಂತ ಇಡೀ ದಿನದ ಜಮಾ-ಖರ್ಚು ಮುಖ್ಯ. ಒಂದು ಕೆಜಿ ಮೈಕೊಬ್ಬು ಅಂದರೆ ಸುಮಾರು 7,700 ಕ್ಯಾಲರಿ. ಎರಡು ತಿಂಗಳಿಗೆ ಒಂದು ಕೆಜಿ ಸರಿಯಾದ ಫಲವೇ.

ತಕ್ಕಡಿಗೆ ಕಾಣದ್ದೂ ಒಂದಿದೆ. ತಿಂಗಳುಗಟ್ಟಲೆ ನಡೆದರೆ ಸ್ನಾಯುವಿನ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯ ಹೆಚ್ಚುತ್ತವೆ. ಅವೇ ಕೊಬ್ಬು ಉರಿಸುವ ಒಲೆಗಳು. ಆಮೇಲೆ ಅದೇ ವೇಗದಲ್ಲಿ ನಡೆದರೂ ಕೊಬ್ಬು ಮೊದಲಿಗಿಂತ ಜಾಸ್ತಿ ಬಳಕೆಯಾಗುತ್ತದೆ.

ಇನ್ನೊಬ್ಬರು: ಸರ್, ನಾನು ರೇನ್‌ಕೋಟ್ ಹಾಕಿಕೊಂಡು ನಡೆಯುತ್ತೇನೆ. ಅಂಗಿ ಹಿಂಡಿದರೆ ನೀರು ಸುರಿಯುತ್ತದೆ. ಒಂದೇ ದಿನಕ್ಕೆ ಮುಕ್ಕಾಲು ಕೆಜಿ ಇಳಿಯುತ್ತದಲ್ಲ?

ಉತ್ತರ: ಅದು ನೀರು ಸರ್. ಒಂದು ತಂಬಿಗೆ ಕುಡಿದರೆ ಮುಗೀತು. ಕೊಬ್ಬು ಹೋಗುವ ದಾರಿ ಬೇರೆ. 10 ಕೆಜಿ ಕೊಬ್ಬು ಕರಗಿದರೆ ಸುಮಾರು 8.4 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗಿ ಉಸಿರಲ್ಲೇ ಹೋಗುತ್ತದೆ, ಉಳಿದದ್ದು ನೀರಾಗುತ್ತದೆ. ನಮ್ಮ ಬಿಸಿಲಿಗೆ ರೇನ್‌ಕೋಟ್ ಅಂದರೆ ಸುಮ್ನೆ ತಲೆಸುತ್ತು ಕರೆದುಕೊಂಡ ಹಾಗೆ. ಇವತ್ತೇ ತೆಗೆದಿಡಿ.

ಮತ್ತೊಬ್ಬರು: ನನಗೆ ಶುಗರ್ ಇದೆ. ಖಾಲಿ ಹೊಟ್ಟೆಯಲ್ಲಿ ನಡೆದರೆ ಒಳ್ಳೆಯದಾ?

ಉತ್ತರ: ಆ ಹೊತ್ತಿಗೆ ಕೊಬ್ಬು ಸ್ವಲ್ಪ ಜಾಸ್ತಿ ಉರಿಯುತ್ತದೆ ನಿಜ, ದಿನದ ಲೆಕ್ಕದಲ್ಲಿ ಹೆಚ್ಚೇನೂ ವ್ಯತ್ಯಾಸ ಇಲ್ಲ. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಶುಗರ್ ದಿಢೀರ್ ಇಳಿಯಬಹುದು. ನಿಮ್ಮ ವೈದ್ಯರನ್ನು ಕೇಳದೆ ಬೇಡ. ಯಾವಾಗ ನಡೆದರೂ ಜೇಬಲ್ಲಿ ಸಕ್ಕರೆ ಇರಲಿ. ಊಟವಾದ ಮೇಲೆ 15 ನಿಮಿಷ ಅಡ್ಡಾಡುವುದು ನಿಮಗೆ ಹೆಚ್ಚು ಉಪಯೋಗ.

ಮೊದಲು ಕೇಳಿದವರು: ಓಡಲಾ ಅಂತ ಕೇಳಿದ್ದೆ, ಅದು ಉಳಿದೇ ಹೋಯಿತು ಡಾಕ್ಟ್ರೇ.

ಉತ್ತರ: ಸದ್ಯಕ್ಕೆ ಬೇಡ. ವಾರಕ್ಕೆ ಎರಡು ದಿನ ಮೂರು ಲೈಟ್ ಕಂಬ ಜೋರು, ಮೂರು ಕಂಬ ನಿಧಾನ, ಹೀಗೆ ನಡೆಯಿರಿ. ತಿಂಗಳು ಬಿಟ್ಟು ಮೊಣಕಾಲು ಏನನ್ನುತ್ತದೆ ಹೇಳಿ.

ಮೊದಲು ಕೇಳಿದವರು: ಆಯ್ತ್ರೀ. ಕರದಂಟು ಅರ್ಧ ತುಂಡು ನಡೀತದಲ್ಲ?