ಮೂರು ಫೇಸಿನ ಮನೆಗೆ ಸಣ್ಣ ಜನರೇಟರ್ ಜೋಡಿಸುವುದು ಹೇಗೆ? (ಪ್ರಶ್ನೋತ್ತರ)

ಪ್ರಶ್ನೆ:

ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿ ಮತ್ತು ಆಗುಂಬೆಯ ನಡುವಿನ ಹಳ್ಳಿಯೊಂದರಲ್ಲಿದೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಬರುವುದಿಲ್ಲ. ಇನ್ವರ್ಟರ್ ಮೊದಲ ರಾತ್ರಿಗೇ ಕೈಕೊಡುತ್ತದೆ. ಆದ್ದರಿಂದ 2.8 ಕೆವಿಎ ಸಾಮರ್ಥ್ಯದ ಪೆಟ್ರೋಲ್ ಜನರೇಟರ್ ತಂದಿದ್ದೇವೆ. ಮನೆಗೆ ಮೂರು ಫೇಸಿನ ಸಂಪರ್ಕವಿದೆ. ಎರಡೂ ತುದಿಗೆ ಪ್ಲಗ್ ಇರುವ ವೈರೊಂದನ್ನು ಮಾಡಿಕೊಂಡು, ಮೇನ್ ಸ್ವಿಚ್ ಆರಿಸಿ, ಅಡುಗೆಮನೆಯ ಪವರ್ ಸಾಕೆಟ್ಟಿಗೆ ಚುಚ್ಚಿದರೆ ಸಾಕೆಂದು ಪರಿಚಿತರೊಬ್ಬರು ಹೇಳುತ್ತಾರೆ. ಇದು ಸರಿಯೇ? ಸರಿಯಲ್ಲದಿದ್ದರೆ ಡಿಬಿಗೆ (ಮನೆಯ ಸರ್ಕ್ಯೂಟುಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆಗೆ) ಜೋಡಿಸುವ ಕ್ರಮವೇನೆಂದು ದಯವಿಟ್ಟು ತಿಳಿಸಿ.

ಉತ್ತರ (ವಿದ್ಯುತ್ ಗುತ್ತಿಗೆದಾರರು):

ಆ ವೈರನ್ನು ದಯವಿಟ್ಟು ಮಾಡಿಸಬೇಡಿ. ಮೇನ್ ಸ್ವಿಚ್ ಆರಿಸಲು ಒಂದು ದಿನ ಮರೆತರೂ ಸಾಕು, ನಿಮ್ಮ ಜನರೇಟರಿನ 230 ವೋಲ್ಟ್ ಮೀಟರಿನ ಮೂಲಕ ಹೊರಗಿನ ಲೈನಿಗೆ ಹೋಗುತ್ತದೆ, ಮತ್ತು ಊರಿನ ಟಿಸಿಯು (ಟ್ರಾನ್ಸ್‌ಫಾರ್ಮರ್) ಅದನ್ನು ಹಿಮ್ಮುಖವಾಗಿ ಏರಿಸಿ 11 ಕೆವಿ ಲೈನಿಗೆ ದಾಟಿಸಬಲ್ಲದು. ಅಕ್ಕಪಕ್ಕದ ಮನೆಗಳ ಲೋಡಿಗೆ ಸಣ್ಣ ಜನರೇಟರ್ ಕೂಡಲೇ ನಿಂತುಹೋಗುತ್ತದೆ, ಅಪಾಯವೇನಿಲ್ಲ ಎಂದು ವಾದಿಸುವವರಿದ್ದಾರೆ. ಆದರೆ ನಿಮ್ಮ ಕಂಬದ ಆಚೆಗೇ ತಂತಿ ತುಂಡಾಗಿದ್ದರೆ ಆ ಲೋಡ್ ಇರುವುದೇ ಇಲ್ಲ. ಅದೇ ತುಂಡಾದ ತಂತಿಯನ್ನು ಎತ್ತಿ ಕಟ್ಟಲು ಮೆಸ್ಕಾಂ ಲೈನ್‌ಮನ್ ಬಂದಿರುತ್ತಾರೆ. ಇನ್ನು ಮನೆಯೊಳಗೆ, ಸಾಕೆಟ್ಟಿನಿಂದ ಕಳಚಿದ ಪ್ಲಗ್ಗಿನ ಬರಿಯ ಪಿನ್ನುಗಳಲ್ಲೇ ಕರೆಂಟ್ ಇರುತ್ತದೆ. ಲೈನಿನ ಕರೆಂಟ್ ಹಠಾತ್ತನೆ ಮರಳಿದರೆ ಜನರೇಟರಿನ ಸುರುಳಿಯೂ ಉಳಿಯುವುದಿಲ್ಲ. ಈ ಬೇರ್ಪಡಿಕೆಯನ್ನು ಯಾರ ನೆನಪಿಗೂ ಬಿಡಬಾರದು. ಸ್ವಿಚ್ಚಿನ ರಚನೆಯೇ ಅದನ್ನು ಮಾಡಬೇಕು.

ಅದಕ್ಕಾಗಿಯೇ ಒಂದು ಸಲಕ್ಕೆ ಲೈನ್ ಅಥವಾ ಜನರೇಟರ್ ಒಂದನ್ನೇ ಜೋಡಿಸುವ ಚೇಂಜ್ ಓವರ್ ಸ್ವಿಚ್ ಇರುವುದು. ನಿಮ್ಮದು ಸಿಂಗಲ್ ಫೇಸ್ ಜನರೇಟರ್. ಅದರಿಂದ ಸಿಗುವುದು ಸುಮಾರು 12 ಆಂಪಿಯರ್ ಮಾತ್ರ. ಹೀಗಿರುವಾಗ ಇಡೀ ಮನೆಯನ್ನು ಅದಕ್ಕೆ ಒಪ್ಪಿಸುವ ಯೋಚನೆ ಬೇಡ. ಕೆಲವರು ಮೂರು ಫೇಸನ್ನೂ ಒಟ್ಟಿಗೆ ಸೇರಿಸಿ ಜನರೇಟರಿಗೆ ಕೊಡುತ್ತಾರೆ. ಆಗ ಮೂರೂ ಫೇಸಿನ ಕರೆಂಟ್ ಒಂದೇ ನ್ಯೂಟ್ರಲ್‌ನಲ್ಲಿ ಕೂಡಿಕೊಂಡು ಹಿಂದಿರುಗುತ್ತದೆ, ಅಲ್ಲದೆ ಫೇಸುಗಳ ನಡುವೆ ವೋಲ್ಟೇಜೇ ಇಲ್ಲದ್ದರಿಂದ ತೋಟದ ಮೂರು ಫೇಸಿನ ಪಂಪ್ ಹೇಗೂ ಓಡುವುದಿಲ್ಲ. ಇದರ ಬದಲು ದೀಪ, ಫ್ಯಾನ್, ಫ್ರಿಜ್, ಮಿಕ್ಸಿ, ಮೊಬೈಲ್ ಚಾರ್ಜಿಂಗ್ ಇಷ್ಟನ್ನು ಮಾತ್ರ ಬೇರ್ಪಡಿಸಿ ಒಂದು ಸಣ್ಣ ಡಿಬಿ ಮಾಡಿಸಿ. ಈಗಿನ ಡಿಬಿಯಿಂದ ಒಂದು ಫೇಸ್ ಮತ್ತು ನ್ಯೂಟ್ರಲನ್ನು 32 ಆಂಪಿಯರಿನ, ನಡುವೆ ಆಫ್ ಸ್ಥಾನವಿರುವ ಟೂ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಬದಲಾಯಿಸುವ) ಚೇಂಜ್ ಓವರಿನ ಒಂದು ಕಡೆಗೆ ತಂದು, ಇನ್ನೊಂದು ಕಡೆಗೆ ಜನರೇಟರಿನಿಂದ 4 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಎಳೆದು, ಹೊರಟ ತುದಿಯನ್ನು ಸಣ್ಣ ಡಿಬಿಗೆ ಕೊಡಬೇಕು. ಗೀಸರ್ ಮತ್ತು ಇಂಡಕ್ಷನ್ ಒಲೆ ಇದರಲ್ಲಿ ಬೇಡ. ಒಂದು ಎಚ್‌ಪಿ ಪಂಪ್ ಕೂಡ ಓಡುವಾಗ ಕಡಿಮೆ ಎಳೆದರೂ ಹೊರಡುವಾಗ ಅದರ ಹಲವು ಪಟ್ಟು ಎಳೆಯುವುದರಿಂದ ಈ ಜನರೇಟರಿಗೆ ಭಾರವೇ.

ಹೆಚ್ಚು ಗೊಂದಲವಾಗುವುದು ನ್ಯೂಟ್ರಲ್ ವಿಷಯದಲ್ಲಿ. ಫೇಸನ್ನು ಮಾತ್ರ ಬದಲಾಯಿಸಿ ನ್ಯೂಟ್ರಲನ್ನು ಒಟ್ಟಿಗೇ ಬಿಡುವವರಿದ್ದಾರೆ, ಹಾಗೆ ಮಾಡಬಾರದು. ಸಣ್ಣ ಡಿಬಿಗೆ ಹೋದ ಪ್ರತಿಯೊಂದು ಸರ್ಕ್ಯೂಟಿನ ನ್ಯೂಟ್ರಲ್ ವೈರನ್ನೂ ಹಳೆಯ ನ್ಯೂಟ್ರಲ್ ಪಟ್ಟಿಯಿಂದ ಕಳಚಿ ಹೊಸ ಪಟ್ಟಿಗೆ ತರಬೇಕು. ಹಳೆಯ ಮನೆಗಳಲ್ಲಿ ಮೆಟ್ಟಿಲಿನ ಟೂ ವೇ ದೀಪ ಕೆಳಗಿನ ಸರ್ಕ್ಯೂಟಿನ ಫೇಸನ್ನೂ ಮೇಲಿನ ಸರ್ಕ್ಯೂಟಿನ ನ್ಯೂಟ್ರಲನ್ನೂ ಬಳಸಿಕೊಂಡಿರುವುದುಂಟು. ಇಂಥದ್ದೊಂದು ಉಳಿದರೂ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್) ಪದೇ ಪದೇ ಬೀಳುತ್ತದೆ, ಜನರೇಟರಿನಲ್ಲಿ ಆ ದೀಪ ಸರಿಯಾಗಿ ಉರಿಯುವುದೂ ಇಲ್ಲ. ಸಮಯ ಹಿಡಿಯುವುದು ಇದನ್ನು ಹುಡುಕುವುದಕ್ಕೇ. ಉಳಿದದ್ದು ಅರ್ಧ ದಿನದ ಕೆಲಸ.

ಮೇನ್ ಬೋರ್ಡಿನ ಆರ್‌ಸಿಸಿಬಿ ಚೇಂಜ್ ಓವರಿನ ಹಿಂದೆಯೇ ಉಳಿಯುವುದರಿಂದ ಜನರೇಟರ್ ಓಡುವಾಗ ಅದರ ರಕ್ಷಣೆ ನಿಮಗಿಲ್ಲ. ಆದ್ದರಿಂದ ಸಣ್ಣ ಡಿಬಿಯಲ್ಲೇ 30 ಮಿಲಿ ಆಂಪಿಯರಿನ ಇನ್ನೊಂದನ್ನು ಹಾಕಿಸಿ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ: ಇಂತಹ ಸಣ್ಣ ಜನರೇಟರುಗಳಲ್ಲಿ ಎಷ್ಟೋ ಸಲ ಸುರುಳಿಯ ಎರಡು ತುದಿಗಳಲ್ಲಿ ಒಂದೂ ಅರ್ತಿಗೆ ಸೇರಿರುವುದಿಲ್ಲ, ಆಗ ಸೋರುವ ಕರೆಂಟಿಗೆ ಹಿಂದಿರುಗುವ ದಾರಿಯಿಲ್ಲದೆ ಆರ್‌ಸಿಸಿಬಿ ಸುಮ್ಮನೆ ಕೂರುತ್ತದೆ. ತಯಾರಕರ ಕೈಪಿಡಿ ಒಪ್ಪಿದರೆ ಒಂದು ತುದಿಯನ್ನು ಜನರೇಟರಿನ ಬಳಿ, ಅಲ್ಲಿ ಮಾತ್ರ, ಚಾಸಿಗೂ ಅರ್ತಿಗೂ ಸೇರಿಸಬೇಕು. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ನಂಬಿ ಇದನ್ನು ಬಿಡಬೇಡಿ. ಆ ಗುಂಡಿ ಅರ್ತಿಂಗನ್ನು ಪರೀಕ್ಷಿಸುವುದಿಲ್ಲ.

ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಮಾಡಿಸಿ, ಮೀಟರಿನ ಸೀಲು ಮುಟ್ಟಬೇಡಿ, ಮತ್ತು ಮೆಸ್ಕಾಂ ಶಾಖಾ ಕಚೇರಿಗೆ ಮುಂಚಿತವಾಗಿ ಬರಹದಲ್ಲಿ ತಿಳಿಸಿ. ಮಳೆ ಎಂದು ಜನರೇಟರನ್ನು ಜಗಲಿಯಲ್ಲೋ ಕೊಟ್ಟಿಗೆಯಲ್ಲೋ ಇಟ್ಟು ಓಡಿಸಲೇಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮಲಗಿದವರು ಏಳುವುದೇ ಇಲ್ಲ. ಕಿಟಕಿ ಬಾಗಿಲುಗಳಿಂದ ದೂರದಲ್ಲಿ, ಸುತ್ತ ತೆರೆದಿರುವ ತಗಡಿನ ಮಾಡು ಸಾಕು.

ಇನ್ನೊಬ್ಬ ಸದಸ್ಯರ ಪ್ರಶ್ನೆ:

ಸರ್, ಜನರೇಟರ್ ಓಡುವಾಗ ಇನ್ವರ್ಟರ್ ಬ್ಯಾಟರಿ ಚಾರ್ಜ್ ಆಗುತ್ತದೆಯೇ?

ಉತ್ತರ:

ಇನ್ವರ್ಟರಿಗೆ ಹೋಗುವ ವೈರ್ ಸಣ್ಣ ಡಿಬಿಯಿಂದ ಹೊರಟಿದ್ದರೆ ಆಗುತ್ತದೆ. ಕೆಲವು ಇನ್ವರ್ಟರುಗಳು ವೋಲ್ಟೇಜ್ ಏರಿಳಿದರೆ ಜನರೇಟರಿನ ಕರೆಂಟನ್ನು ಒಪ್ಪುವುದಿಲ್ಲ. ಹಿಂಭಾಗದ ಗುಂಡಿ ಯುಪಿಎಸ್ ಮೋಡಿನಲ್ಲಿದ್ದರೆ ಅದನ್ನು ನಾರ್ಮಲ್ ಮೋಡಿಗೆ ಹಾಕಿ ನೋಡಿ.

ಮೊದಲ ಪ್ರಶ್ನೆ ಕೇಳಿದವರು:

ಬಹಳ ಉಪಕಾರವಾಯಿತು. ಸ್ವಿಚ್ ಜನರೇಟರ್ ಕಡೆಗಿರುವಾಗ ಲೈನಿನ ಕರೆಂಟ್ ಬಂದದ್ದು ನಮಗೆ ತಿಳಿಯುವುದು ಹೇಗೆ?

ಉತ್ತರ:

ನಿಮ್ಮ ಹಳೆಯ ಡಿಬಿ ಲೈನಿನಲ್ಲೇ ಉಳಿಯುವುದರಿಂದ ಅದಕ್ಕೆ ಸೇರಿದ ಒಂದು ದೀಪವನ್ನು, ಉದಾಹರಣೆಗೆ ಅಂಗಳದ ದೀಪವನ್ನು, ಆನ್ ಮಾಡಿಯೇ ಇಡಿ. ಅದು ಹೊತ್ತಿದ ಮೇಲೆ ಹತ್ತು ನಿಮಿಷ ಕಾದು ನೋಡಿ, ಏಕೆಂದರೆ ಲೈನ್ ಚಾರ್ಜ್ ಮಾಡಿದಾಗ ಒಂದೆರಡು ಸಲ ಹೋಗಿ ಬರುವುದು ಸಾಮಾನ್ಯ. ಬಳಿಕ ಸ್ವಿಚ್ಚನ್ನು ಆಫ್ ಸ್ಥಾನದಲ್ಲಿ ತುಸು ನಿಲ್ಲಿಸಿ ಲೈನಿನ ಕಡೆಗೆ ತಿರುಗಿಸಿ, ಜನರೇಟರನ್ನು ಎರಡು ನಿಮಿಷ ಲೋಡಿಲ್ಲದೆ ಓಡಿಸಿ ನಂತರ ಆರಿಸಿ.