ಮಳೆಗಾಲದಲ್ಲಿ ಘಟ್ಟ ಇಳಿಯುವಾಗ ಕಾರಿನಲ್ಲಿ ಏನೇನು ಇರಬೇಕು?

ಪ್ರಶ್ನೆ (ಬೆಂಗಳೂರಿನಿಂದ)
ತಿಂಗಳಿಗೊಮ್ಮೆ ಶಿರಾಡಿ ಘಟ್ಟದ ಮೂಲಕ ಪುತ್ತೂರಿಗೆ ಹೋಗಿಬರುತ್ತೇನೆ. ಕಳೆದ ಆಷಾಢದಲ್ಲಿ ದೋಣಿಗಾಲ್ ದಾಟಿದ ಮೇಲೆ ರಸ್ತೆಗೆ ಮರ ಬಿದ್ದು, ಹಿಂದೆಯೂ ಮುಂದೆಯೂ ಲಾರಿಗಳು ನಿಂತು, ಆರು ಗಂಟೆ ಕಾಲ ಅಲ್ಲೇ ಕುಳಿತಿರಬೇಕಾಯಿತು. ಜೊತೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ತಾಯಿ, ನಾಲ್ಕು ವರ್ಷದ ಮಗಳು. ಕಾರಿನಲ್ಲಿದ್ದದ್ದು ಅರ್ಧ ಬಾಟಲಿ ನೀರು ಮತ್ತು ಒಂದು ಪೊಟ್ಟಣ ಬಿಸ್ಕತ್ತು. ಅಂತರಜಾಲದಲ್ಲಿ ಸಿಗುವ ಪಟ್ಟಿಗಳೆಲ್ಲ ಹಿಮ ಬೀಳುವ ನಾಡಿನವರಿಗಾಗಿ ಬರೆದಂತಿವೆ. ಘಟ್ಟದ ಮಳೆ ಕಂಡವರು ಏನನ್ನು ಇಟ್ಟುಕೊಳ್ಳುತ್ತೀರಿ ಎಂದು ದಯವಿಟ್ಟು ತಿಳಿಸಿ.

ಉತ್ತರ 1 (ಸಕಲೇಶಪುರದಿಂದ)
ಮೊದಲು ನೀರು, ತಲೆಗೆ ಎರಡು ಲೀಟರಿನಂತೆ. ಬೇಯಿಸದೆ ತಿನ್ನಬಹುದಾದ ಅವಲಕ್ಕಿ, ಬೆಲ್ಲ, ಕಡಲೆಕಾಯಿ ಚಿಕ್ಕಿ ಒಂದು ಡಬ್ಬಿಯಲ್ಲಿರಲಿ. ನಿಮ್ಮ ತಾಯಿಯವರಿಗೆ ಊಟ ತಡವಾದರೆ ಸಕ್ಕರೆಯ ಅಂಶ ದಿಢೀರನೆ ಇಳಿಯಬಹುದಾದ್ದರಿಂದ ಗ್ಲೂಕೋಸ್ ಪುಡಿಯನ್ನು ಅವರ ಕೈಗೆಟುಕುವಲ್ಲೇ ಇಡಿ. ಇನ್ಸುಲಿನ್ ಮಾತ್ರ ಕಾರಿನಲ್ಲಿ ಬಿಟ್ಟುಹೋಗುವ ವಸ್ತುವಲ್ಲ, ಅದು ಪ್ರತಿ ಸಲವೂ ತಣ್ಣನೆಯ ಚೀಲದಲ್ಲಿ ಮನೆಯಿಂದ ಬರಬೇಕು. ಟಾರ್ಚು, ರೈನ್‌ಕೋಟು, ಹಳೆಯ ಕಂಬಳಿ, ಮಗುವಿಗೆ ಒಂದು ಜೊತೆ ಒಣಬಟ್ಟೆ ಬೇಕೇ ಬೇಕು. ನಗಬೇಡಿ, ಒಂದು ಪೊಟ್ಟಣ ಉಪ್ಪನ್ನೂ ಇಟ್ಟುಕೊಳ್ಳಿ. ಕಾರಿನಿಂದಿಳಿದು ಹುಲ್ಲಿನ ಮೇಲೆ ಕಾಲಿಟ್ಟರೆ ಇಂಬಳ (ಜಿಗಣೆ) ಹತ್ತದೆ ಬಿಡುವುದಿಲ್ಲ, ಅದನ್ನು ಬಿಡಿಸಲು ಉಪ್ಪು ಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಎಲ್ಲಿ ಕಾಯುತ್ತೀರಿ ಎಂಬುದು. 2024ರ ಜುಲೈನಲ್ಲಿ ಇದೇ ಘಟ್ಟದ ದೊಡ್ಡತಪ್ಪಲೆಯಲ್ಲಿ ಧರೆ ಕುಸಿದಾಗ ವಾಹನಗಳೇ ಮಣ್ಣಿನಲ್ಲಿ ಸಿಲುಕಿದವು. ಅದೇ ತಿಂಗಳು ಅಂಕೋಲಾದ ಶಿರೂರಿನಲ್ಲಿ ರಸ್ತೆಬದಿಯಲ್ಲಿ ನಿಂತಿದ್ದವರೇ ಜೀವ ಕಳೆದುಕೊಂಡರು. ಧರೆಯ ಬುಡದಲ್ಲಿ, ಮೇಲಿನಿಂದ ಕೆಸರುನೀರು ಇಳಿಯುವ ಕಡೆ ನಿಲ್ಲಬೇಡಿ. ಸಾಧ್ಯವಿದ್ದರೆ ಹಿಂದಕ್ಕೆ ತಿರುಗಿಸಿ ಬಯಲು ಜಾಗಕ್ಕೆ ಬನ್ನಿ.

ಉತ್ತರ 2 (ಹಾಸನದಿಂದ)
ಮೇಲಿನವರು ಹೊಟ್ಟೆಯ ಮಾತು ಹೇಳಿದ್ದಾರೆ, ನಾನು ಗಾಡಿಯದನ್ನು ಹೇಳುತ್ತೇನೆ. ಹೆಚ್ಚಿನವರ ಸ್ಟೆಪ್ನಿಯಲ್ಲಿ ಗಾಳಿಯೇ ಇರುವುದಿಲ್ಲ. ಹೊರಡುವ ಮುನ್ನ ಅದನ್ನೂ ನೋಡಿಸಿ, ಜ್ಯಾಕ್ ಮತ್ತು ವೀಲ್ ಸ್ಪ್ಯಾನರ್ ಸ್ವಸ್ಥಾನದಲ್ಲಿವೆಯೇ ಎಂದು ಖಚಿತಪಡಿಸಿಕೊಳ್ಳಿ. ಗಾಡಿ ಎಳೆಸಬೇಕಾದಾಗ ಬಂಪರಿಗೆ ತಿರುಗಿಸಿ ಹಾಕುವ ಕೊಕ್ಕೆ ಅನೇಕ ಕಾರುಗಳಲ್ಲಿ ಉಪಕರಣಗಳ ಜೊತೆಗೇ ಬರುತ್ತದೆ, ಆದರೆ ಹಗ್ಗವನ್ನು ನೀವೇ ಕೊಳ್ಳಬೇಕು. ಕೆಂಪು ತ್ರಿಕೋನವನ್ನು ಕಾರಿನ ಹಿಂಬದಿಗೆ ಒರಗಿಸಿಟ್ಟರೆ ಪ್ರಯೋಜನವಿಲ್ಲ. ಘಟ್ಟದಲ್ಲಿ ಅದು ತಿರುವಿಗಿಂತ ಮೊದಲೇ ಕಾಣುವಂತೆ ಹಿಂದಕ್ಕಿರಬೇಕು. ಟ್ಯಾಂಕನ್ನು ಹಾಸನದಲ್ಲೋ ಸಕಲೇಶಪುರದಲ್ಲೋ ತುಂಬಿಸಿಬಿಡಿ. ಹರಿಯುವ ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ, ಒಳಗೆ ನೀರು ಸೇರಿದ್ದರೆ ಎಂಜಿನ್ನೇ ಹಾಳಾಗುತ್ತದೆ.

ಉತ್ತರ 3 (ಮಂಗಳೂರಿನಿಂದ)
ಎಲ್ಲವನ್ನೂ ಡಿಕ್ಕಿಗೆ ತುಂಬಬೇಡಿ ಎಂಬುದೊಂದೇ ನನ್ನ ಸೇರ್ಪಡೆ. ಗಾಜು ಒಡೆಯುವ ಸುತ್ತಿಗೆ ಮತ್ತು ಸೀಟ್ ಬೆಲ್ಟ್ ಕತ್ತರಿಸುವ ಬ್ಲೇಡು ಚಾಲಕನ ಕೈಯಳತೆಯಲ್ಲಿರಬೇಕು. ಒಡೆಯಬೇಕಾದದ್ದು ಪಕ್ಕದ ಕಿಟಕಿಯ ಮೂಲೆಯನ್ನು, ಪದರಗಾಜಾದ ಮುಂದಿನ ಗಾಜನ್ನಲ್ಲ. ಪವರ್ ಬ್ಯಾಂಕನ್ನು ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡದೆ, ಹೊರಡುವ ದಿನ ಚಾರ್ಜ್ ಮಾಡಿ ಒಯ್ಯಿರಿ. 112 ಮತ್ತು ಹೆದ್ದಾರಿಯ ಸಹಾಯವಾಣಿ 1033ನ್ನು ಒಂದು ಕಾಗದದ ಮೇಲೂ ಬರೆದಿಡಿ.

ಪ್ರಶ್ನೆ ಕೇಳಿದವರು
ಮೂವರಿಗೂ ಧನ್ಯವಾದಗಳು. ಇಂದು ಸಂಜೆಯೇ ಸ್ಟೆಪ್ನಿ ನೋಡಿಸಿದೆ. ಹಾಸನದವರು ಹೇಳಿದಂತೆಯೇ ಅದರಲ್ಲಿ ಗಾಳಿ ಇರಲಿಲ್ಲ.